ಬಾಯಾರು ಕಾದ ಹಾಡು

ಗ್ರಂಥಾಲಯದ ಹಿಂದಿನ ಕೋಣೆಯ ಕಬ್ಬಿಣದ ಕಪಾಟು ತೆರೆದೊಡನೆ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಕಂಪ್ಯೂಟರಿನ ತಂತಿಯೊಂದನ್ನು ಹುಡುಕಲು ಹೋಗಿದ್ದೆ. ಕೆಳಗಿನ ಖಾನೆಯ ಪುಸ್ತಕಗಳ ನಡುನಡುವೆ ಎಲೆಗಳು ಪುಡಿಪುಡಿಯಾಗಿ ಬಿದ್ದಿದ್ದವು. ಹುಳ ಹತ್ತದಿರಲಿ ಎಂದು ವರ್ಷಕ್ಕೊಮ್ಮೆ ಸೆರಗಿನಲ್ಲಿ ಬೇವು ಕಟ್ಟಿಕೊಂಡು ಬಂದು ಇಡುತ್ತಿದ್ದವರು ನಮ್ಮ ಬಾಯಾರು. ಅವರು ಹೋದ ಮೇಲೆ ಯಾರೂ ಇಟ್ಟಿಲ್ಲ, ಯಾರೂ ತೆಗೆದೂ ಇಲ್ಲ... ತಂತಿ ಸಿಕ್ಕಿತು. ಕೆಲಸ ಮಾತ್ರ ಅವತ್ತು ಮುಂದೆ ಸಾಗಲಿಲ್ಲ.

ವಿಜಯಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಎಂದು ಕರೆಯುವುದು ರೂಢಿ. ಇವರು ಕಲಿಸಿದವರಲ್ಲ, ನಮ್ಮ ಕಾಲೇಜಿನ ಗ್ರಂಥಪಾಲಕರಾಗಿದ್ದವರು. ಆದರೂ ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಬಾಯಾರೇ. ನಿವೃತ್ತಿಯಾದ ಮೇಲೂ ಜೋರಾಪುರ ಪೇಟೆಯ ಮನೆಯಿಂದ ದಿನಾ ನಡೆದೇ ಬರುತ್ತಿದ್ದರು. ಮನೆಯಲ್ಲಿ ಕೂತರೆ ಮೊಣಕಾಲು ಹಿಡಿಯುತ್ತವೆ ಅನ್ನುವುದು ನೆವ. ಹಳ್ಳಿಹಳ್ಳಿ ತಿರುಗಿ ಹೆಣ್ಣುಮಕ್ಕಳ ಹಾಡುಗಳನ್ನು ರೆಕಾರ್ಡ್ ಮಾಡಿ ತಂದಿದ್ದರಲ್ಲ, ಅವನ್ನೆಲ್ಲ ಒಂದು ನೆಲೆಗೆ ಹಚ್ಚದೆ ಅವರಿಗೆ ಸಮಾಧಾನವಿರಲಿಲ್ಲ. ಸಂಬಳವಿಲ್ಲದ ಆ ಕೆಲಸಕ್ಕೆ ಅವರು ಒಂದು ದಿನವೂ ತಡವಾಗಿ ಬಂದದ್ದನ್ನು ನಾನು ನೋಡಿಲ್ಲ.

ಅವರು ಬಾಗಿಲು ಕಾಯುವ ಪದ್ಧತಿಯೇ ಬೇರೆ. ಗುರುತಿನ ಚೀಟಿಯನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ. ಹೊಸ ಮುಖ ಬಂದು ನಿಂತರೆ ಕನ್ನಡಕದ ಮೇಲಿಂದ ನೋಡಿ, ಯಾವ ಊರು, ಯಾರ ಪೈಕಿ ಎಂದು ಕೇಳುವರು. ತಿಕೋಟಾ ಅಂದರೆ ತಿಕೋಟಾದಲ್ಲಿ ಯಾವ ಓಣಿ, ಓಣಿ ಹೇಳಿದರೆ ಅಲ್ಲಿ ಯಾರ ಮನೆ, ಮನೆ ಹೇಳಿದರೆ ತಾಯಿಯ ತವರು ಯಾವುದು... ಎರಡು ನಿಮಿಷದಲ್ಲಿ ಅವನ ಜಾತಕವೇ ಅವರ ಕೈಗೆ ಬರುತ್ತಿತ್ತು. ಆಮೇಲೆ ಅವನು ಪುಸ್ತಕ ಮರಳಿಸಲು ತಡಮಾಡಿದರೆ ನೋಟಿಸು ಕಳಿಸುವ ಗೊಡವೆಯೇ ಇಲ್ಲ, ಸಂತೆಯಲ್ಲಿ ಅವನ ಸೋದರತ್ತೆಯ ಕಿವಿಗೆ ಸುದ್ದಿ ಬೀಳುತ್ತಿತ್ತು. ಒಂದು ಪುಸ್ತಕವೂ ಕಳೆದುಹೋಗಲಿಲ್ಲ.

ನಾನು ಕಂಪ್ಯೂಟರ್ ನೋಡಿಕೊಳ್ಳಲು ಸೇರಿದವನು. ಹಳೆಯ ಪ್ರಬಂಧಗಳು, ಫೋಟೋಗಳು, ಬಾಯಾರ ಹಾಡುಗಳು, ಎಲ್ಲವನ್ನೂ ಒಂದೇ ಕಡೆ ಇಟ್ಟು ಹುಡುಕಿದಾಗ ತೆಗೆದುಕೊಡುವ ತಂತ್ರಾಂಶವೊಂದನ್ನು ಹಾಕಿದ್ದೆ. ಅದಕ್ಕೆ ಭಂಡಾರ ಎಂದು ಹೆಸರಿಟ್ಟವರು ಬಾಯಾರೇ. ಭಂಡಾರ ಅಂದ ಮೇಲೆ ಬಾಗಿಲು ಬೇಕು. ಯಾರು ಯಾವ ದಾರಿಯಿಂದ ಒಳಗೆ ಬರಬೇಕು ಎಂಬುದನ್ನು ನಾನು ಬರೆದು ಹೊಂದಿಸಬೇಕಿತ್ತು. ಹೆಸರು, ಪಾಸ್‌ವರ್ಡ್ ಹಾಕಿ ಬರುವುದು ಒಂದು ದಾರಿ. ಕಾಲೇಜಿನ ಇಮೇಲಿನ ಮೂಲಕ ಬರುವುದು ಇನ್ನೊಂದು. ಮೂರನೆಯದು ಸೋಮಾರಿಗಳ ದಾರಿ: ಕಾಲೇಜಿನ ನೆಟ್‌ವರ್ಕಿನ ಒಳಗಿಂದ ಬಂದವರು ಯಾರೇ ಆಗಲಿ, ಏನೂ ಕೇಳದೆ ಬಿಟ್ಟುಕೊಳ್ಳುವುದು. ಇದನ್ನೆಲ್ಲ ವಿವರಿಸಿ ಹೇಳಿದಾಗ ಬಾಯಾರು ಸಣ್ಣಗೆ ನಕ್ಕರು.

“ಅಲ್ಲೋ ತಮ್ಮಾ, ನಿನ್ನ ಮಷೀನಿಗೆ ಪಾಸ್‌ವರ್ಡಿನ ಗುರ್ತ ಸಿಗತೈತಿ, ಮನಷ್ಯಾರ ಗುರ್ತ ಸಿಗೂದಿಲ್ಲಲ್ಲ.”

ಮೂರನೆಯ ದಾರಿ ಬೇಡವೇ ಬೇಡ ಎಂದರು. ನಾನೂ ಆಗ ಅದನ್ನು ಮುಚ್ಚಿಯೇ ಇಟ್ಟಿದ್ದೆ.

ಅವರು ಅಷ್ಟು ಗಟ್ಟಿಯಾಗಿ ಹೇಳಲು ಒಂದು ಹಾಡು ಕಾರಣವಾಗಿತ್ತು. ಕಳ್ಳಕವಟಗಿಯಲ್ಲಿ ಒಬ್ಬ ಮುದುಕಿ ಇದ್ದಳು. ಬಾಯಾರು ಅವಳನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಆಯಿಯ ಒಬ್ಬಳೇ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಕಷ್ಟಪಟ್ಟು, ಎಳೆಗೂಸನ್ನು ಬಿಟ್ಟು, ಆ ಮಗಳು ತೀರಿಕೊಂಡಳು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಕೂತು ಹಾಡ್ಯಾಡಿಕೊಂಡು ಅಳುತ್ತಾರೆ. ಆಯಿಗೆ ಅವತ್ತು ಮಗಳ ಮುಂದೆ ಅಳುವುದಕ್ಕೂ ಆ ಮನೆಯವರು ಬಿಡಲಿಲ್ಲವಂತೆ. ಒಳಗೇ ಉಳಿದ ಆ ಅಳುವನ್ನು ಎಷ್ಟೋ ವರ್ಷದ ಮೇಲೆ ಬಾಯಾರ ಮುಂದೆ ಕೂತು, ನಲವತ್ತು ನಿಮಿಷ ಹಾಡಿದಳು. ಅದರಲ್ಲಿ ಬೀಗರ ಮನೆಯವರ ಹೆಸರು ಹಿಡಿದು ಹೇಳಿದ ಮಾತುಗಳಿದ್ದವು. ಹಾಡು ಮುಗಿಸಿ ಒಂದು ಕರಾರು ಹಾಕಿದಳು. ಬಾಯಾರು ಯಾರನ್ನು ತಮ್ಮ ಎದುರಿಗೆ ಕೂಡಿಸಿಕೊಂಡು ಕೇಳಿಸುತ್ತಾರೋ ಅವರಷ್ಟೇ ಕೇಳಬೇಕು, ಮತ್ತೊಬ್ಬರ ಕಿವಿಗೆ ಬೀಳಬಾರದು. ಯಾಕೆಂದರೆ ಮೊಮ್ಮಗಳು ಇನ್ನೂ ಬಬಲೇಶ್ವರದ ಆ ಮನೆಯಲ್ಲೇ ಬೆಳೆಯುತ್ತಿದ್ದಳು. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಅವಳನ್ನು ಕಳ್ಳಕವಟಗಿಗೆ ಕಳಿಸುತ್ತಿದ್ದರು, ಅದಕ್ಕೇ ಆಯಿ ಜೀವ ಹಿಡಿದುಕೊಂಡಿದ್ದಳು.

ಬಾಯಾರು ಮಾತು ಕೊಟ್ಟು ಬಂದಿದ್ದರು. ತಮ್ಮದೂ ಸೇರಿ ಏಳು ಜನರ ಹೆಸರು ಬರೆದು ನನ್ನ ಕೈಗಿಟ್ಟು, ಈ ಏಳು ಮಂದಿ ಬಿಟ್ಟು ಯಾರಿಗೂ ಈ ಹಾಡು ತೆರೆಯಕೂಡದು ಎಂದರು. ಆ ಏಳರಲ್ಲಿ ನನ್ನ ಹೆಸರು ಇರಲಿಲ್ಲ. ಒಳಗೊಳಗೇ ಸ್ವಲ್ಪ ಸಿಟ್ಟು ಬಂದದ್ದು ನಿಜ. ಕೀಲಿಕೈ ಎಲ್ಲ ನನ್ನ ಹತ್ತಿರ, ಕೇಳಲು ಮಾತ್ರ ನಾನು ಪರಕೀಯನೇ... ಆ ಹಾಡಿಗೆಂದು ಬೇರೆ ಗುಂಪು ಮಾಡಿ ಈ ಏಳು ಹೆಸರು ಹಾಕಬೇಕಿತ್ತು. ಅಷ್ಟು ಮಾಡಲು ಬೇಸರಪಟ್ಟು, ಗ್ರಂಥಾಲಯದ ನಂಬಿಗಸ್ತರಿಗೆಂದು ಮೊದಲೇ ಮಾಡಿದ್ದ ಒಂದು ಗುಂಪಿಗೆ ಅವರನ್ನೂ ಸೇರಿಸಿ, ಹಾಡನ್ನು ಆ ಗುಂಪಿಗೆ ಬಿಟ್ಟುಕೊಟ್ಟೆ. ಆಗ ಆ ಗುಂಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಏನಾಗುತ್ತದೆ ಬಿಡು ಅಂದುಕೊಂಡೆ.

ಪರೀಕ್ಷೆಯ ದಿನಗಳು ಬಂದವು. ಹುಡುಗರು ಪಾಸ್‌ವರ್ಡ್ ಮರೆಯುವುದು, ನನ್ನ ಮೇಜಿನ ಮುಂದೆ ಸಾಲು ನಿಲ್ಲುವುದು, ನಾನು ಬೈಯುತ್ತ ಹೊಸದು ಮಾಡಿಕೊಡುವುದು, ಮರುದಿನ ಅವರೇ ಮತ್ತೆ ಬರುವುದು. ನಾಲ್ಕು ದಿನ ತಡೆದೆ. ಐದನೆಯ ದಿನ ಮೂರನೆಯ ದಾರಿ ತೆರೆದೆ. ಕಾಲೇಜಿನ ನೆಟ್‌ವರ್ಕಿನ ಒಳಗಿಂದ ಬಂದವರೆಲ್ಲ ನಂಬಿಗಸ್ತರ ಗುಂಪಿಗೆ ತಾವಾಗಿ ಸೇರಲಿ ಎಂದು ಒಂದು ಸಾಲು ಬರೆದೆ. ಆ ಗುಂಪಿನ ಕೈಯಲ್ಲೇ ಆಯಿಯ ಹಾಡೂ ಇದೆ ಎಂಬುದು ನೆನಪಿಗೇ ಬರಲಿಲ್ಲ. ಹಾಸ್ಟೆಲಿನ ವೈಫೈ ಕೂಡ ಅದೇ ನೆಟ್‌ವರ್ಕು ಎಂಬುದೂ ಹೊಳೆಯಲಿಲ್ಲ. ಸಾಲು ಕರಗಿತು. ಎರಡು ವಾರ ನಾನು ನೆಮ್ಮದಿಯಿಂದ ಚಹಾ ಕುಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಆ ಬೇಲಿ ನಾನು.

ಹಾಸ್ಟೆಲಿನಲ್ಲಿ ಯಾರೋ ಆ ಹಾಡು ಕೇಳಿದರು. ಬೀಗರ ಹೆಸರು ಬರುವ ಎರಡು ನಿಮಿಷದ ತುಣುಕನ್ನು ಮಾತ್ರ ಫೋನಿನಲ್ಲಿ ಹಿಡಿದು ಗೆಳೆಯರಿಗೆ ಕಳಿಸಿದರು. ಎಂಟು ದಿನದಲ್ಲಿ ಅದು ಬಬಲೇಶ್ವರ ಮುಟ್ಟಿತು. ಆ ಮನೆಯ ಹಿರಿಯರಿಬ್ಬರು ಅದನ್ನು ಹಿಡಿದುಕೊಂಡು ಕಾಲೇಜಿಗೆ ಬಂದರು. ಬಬಲೇಶ್ವರದ ಪೈಕಿಯವರನ್ನು ಬಾಯಾರಿಗೆ ಗುರುತು ಹೇಳಿಕೊಡಬೇಕೇ, ಜಗಲಿಯಲ್ಲಿ ನೋಡಿದವರೇ ಅರ್ಥ ಮಾಡಿಕೊಂಡರು. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮೊದಲು ನನ್ನ ಹತ್ತಿರ ಬಂದು, ಮೂರನೆಯ ದಾರಿ ತೆರೆದಿದ್ದೆಯಾ ಎಂದು ಮೆಲ್ಲಗೆ ಕೇಳಿದರು. ಹೂಂ ಅಂದೆ. ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ನನ್ನದು ವರ್ಷ ವರ್ಷ ಮುಂದುವರಿಸುವ ನೌಕರಿ ಎಂಬುದು ಅವರಿಗೆ ಗೊತ್ತಿತ್ತು. ನನ್ನ ಮಗಳು ಹುಟ್ಟಿ ಎರಡು ತಿಂಗಳಾಗಿದ್ದುದೂ ಗೊತ್ತಿತ್ತು.

ಒಳಗೆ ಹೋಗಿ, ಪಾಸ್‌ವರ್ಡನ್ನು ನಾನೇ ಒಬ್ಬ ಹುಡುಗಿಗೆ ಹೇಳಿದ್ದೆ, ತಪ್ಪು ನನ್ನದು ಎಂದರು. ಪ್ರಾಯ ಸಂದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಯಾರೋ ಹಗುರವಾಗಿ ಆಡಿದರು. ಬಾಯಾರು ತಲೆ ತಗ್ಗಿಸಿ ಕೇಳಿಕೊಂಡರು. ಪಾಸ್‌ವರ್ಡನ್ನು ಚೀಟಿಯಲ್ಲಿ ಕೂಡ ಬರೆದಿಟ್ಟುಕೊಳ್ಳದವರು ಅವರು. ನಾನು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ. ಬಾಯಿ ಇದ್ದೂ ಮೂಕನಾದೆ. ನಾಚಿಕೆಯಾಗುತ್ತದೆ, ಈಗಲೂ.

ಮರುದಿನ ಬಾಯಾರು ನನ್ನನ್ನು ಕರೆದುಕೊಂಡು ಕಳ್ಳಕವಟಗಿಗೆ ಹೋದರು. ತಿಕೋಟಾ ದಾಟುವವರೆಗೂ ಬಸ್ಸಿನಲ್ಲಿ ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನೇ ನೋಡುತ್ತ ಕೂತಿದ್ದರು. ಆಯಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಇನ್ನು ಮೊಮ್ಮಗಳನ್ನು ಪಂಚಮಿಗಲ್ಲ, ಯಾವುದಕ್ಕೂ ಕಳಿಸುವುದಿಲ್ಲ ಎಂದು ಬಬಲೇಶ್ವರದಿಂದ ಹೇಳಿ ಕಳಿಸಿದ್ದರು. ಬಾಯಾರು ಆಯಿಯ ಮುಂದೆ ನೆಲದ ಮೇಲೆ ಕೂತು, ಮಾತು ನನ್ನಿಂದ ಹೋಯಿತು ಎಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು... ಆಯಿ ಅಳಲಿಲ್ಲ, ಬೈಯಲಿಲ್ಲ.

“ನಾ ನಿನಗ ಹೇಳಿದ್ದೆ ಬೇ, ಊರಿಗಲ್ಲ” ಎಂದು ಎದ್ದು ಒಳಗೆ ಹೋದಳು.

ಆಮೇಲೆ ಬಾಯಾರು ಎರಡು ಸಲ ಒಬ್ಬರೇ ಕಳ್ಳಕವಟಗಿಗೆ ಹೋಗಿಬಂದರಂತೆ. ಆಯಿ ಹೊರಗೆ ಬರಲಿಲ್ಲ. ಗ್ರಂಥಾಲಯಕ್ಕೂ ಬಾಯಾರು ಮತ್ತೆ ಕಾಲಿಡಲಿಲ್ಲ. ಮೂರನೆಯ ದಾರಿಯನ್ನು ನಾನು ಅವತ್ತೇ ಮುಚ್ಚಿದ್ದೆ. ಹಾಡನ್ನೇ ಅಳಿಸಿಬಿಡು ಎಂದು ಮೇಲಿನವರು ಹೇಳಿದಾಗ ಬಾಯಾರಿಗೆ ಫೋನ್ ಮಾಡಿದೆ.

“ಅಳಸಬ್ಯಾಡೋ ತಮ್ಮಾ. ಆಯಿ ಅದನ್ನ ಇನ್ನೊಮ್ಮಿ ಹಾಡೂದಿಲ್ಲ. ನನ್ನ ಹೆಸರ ಒಂದು ಬಿಟ್ಟು ಉಳಕಿದ್ದೆಲ್ಲಾ ತಗಿ.”

ಹಾಗೇ ಮಾಡಿದೆ. ಆಮೇಲೆ ಅವರಿಗೆ ಆರೋಗ್ಯ ತಪ್ಪಿತು. ಜೋರಾಪುರ ಪೇಟೆಯ ಮನೆಗೆ ಎರಡು ಸಲ ಹೋದೆ. ಎರಡು ಸಲವೂ, ಆಯಿಗೆ ನಿಜ ಹೇಳಿಬರುತ್ತೇನೆ ಎಂಬ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡೇ ಹೋಗಿದ್ದೆ. ಅವರು ನನ್ನ ಮಗಳಿಗೆ ಹಲ್ಲು ಬಂತೇ, ನಡೆಯುತ್ತಾಳೆಯೇ ಎಂದು ಕೇಳಿದರು. ಸ್ಟೇಷನ್ ರಸ್ತೆಯಿಂದ ಅವಳಿಗೊಂದು ಸ್ವೆಟರ್ ತರಿಸಿ ಇಟ್ಟಿದ್ದರು. ಅದನ್ನು ಇಸಿದುಕೊಂಡು ಬಂದೆ. ಮಾತು ಹಾಗೇ ಉಳಿಯಿತು. ಮೂರನೆಯ ಸಲ ಹೋದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು.

ಈಗ ಕಾಲೇಜಿನವರು ಭಂಡಾರವನ್ನು ಹೊಸ ಕಂಪ್ಯೂಟರಿಗೆ ಸಾಗಿಸಲು ಹೇಳಿದ್ದಾರೆ. ನಾನು ಹಳೆಯ ತಂತಿ ಹುಡುಕಿದ್ದು ಇದಕ್ಕಾಗಿ. ಬಳಕೆದಾರರ ಪಟ್ಟಿ ತೆಗೆದರೆ ಬಾಯಾರ ಹೆಸರಿನ ಮುಂದೆ, ಬಹುಕಾಲದಿಂದ ಬಳಕೆಯಲ್ಲಿಲ್ಲ, ತೆಗೆದುಹಾಕಬಹುದು ಎಂದು ಬಂತು. ತೆಗೆದರೆ ಆ ಹಾಡು ಯಾರದ್ದೂ ಅಲ್ಲದ ಹಾಡಾಗುತ್ತದೆ. ಯಾರ ಹೆಸರಿಗೆ ಬರೆಯಲಿ ಎಂದು ಕೇಳಲು ಒಬ್ಬಳೇ ಇದ್ದಾಳೆ. ಮರುದಿನ ಬೆಳಗಿನ ಬಸ್ಸು ಹಿಡಿದೆ.

ಆಯಿಯ ಕಣ್ಣು ಮಂದವಾಗಿದೆ. ಬಾಯಾರ ಗ್ರಂಥಾಲಯದವನು ಎಂದು ಹೇಳಿಕೊಂಡ ಮೇಲೆ ಗುರುತು ಸಿಕ್ಕಿತು. ಸೊಸೆ ಚಹಾ ತಂದಿಟ್ಟಳು. ಬಾಯಾರು ತೀರಿಕೊಂಡ ಸುದ್ದಿ ಆಯಿಗೆ ಯಾರೋ ಹೇಳಿದ್ದರು. ಹಾಡಿನ ವಿಷಯ ತೆಗೆದೆ. ಬಾಯಾರ ಹೆಸರು ಕೇಳುತ್ತಲೇ ಮುಖ ಆಚೆ ತಿರುಗಿಸಿ, ಮಾತು ಉಳಿಸಿಕೊಳ್ಳದವಳ ಹೆಸರು ತೆಗೆದುಬಿಡು ಎಂದಳು.

ಆಗ ಹೇಳಿದೆ. ಗುಂಪು ಮಾಡಲು ಬೇಸರಪಟ್ಟದ್ದು, ಹುಡುಗರ ಸಾಲು ಕರಗಿಸಲು ದಾರಿ ತೆರೆದದ್ದು, ಬಾಯಾರು ನನ್ನ ನೌಕರಿ ಉಳಿಸಲು ಸುಳ್ಳು ಹೇಳಿದ್ದು, ಈ ಮನೆಯ ಇದೇ ಕಟ್ಟೆಯ ಮೇಲೆ ನಾನು ಸುಮ್ಮನೆ ಕೂತದ್ದು, ಎಲ್ಲ ಹೇಳಿದೆ. ನೆಟ್‌ವರ್ಕು, ವೈಫೈ ಅವಳಿಗೆ ತಿಳಿಯಿತೋ ಇಲ್ಲವೋ. ಕೀಲಿ ತೆಗೆದವನು ನಾನು ಎಂಬುದು ತಿಳಿಯಿತು. ಮೊಮ್ಮಗಳ ಸುದ್ದಿ ಕೇಳುವ ಧೈರ್ಯ ನನಗಾಗಲಿಲ್ಲ. ಅವಳೂ ಹೇಳಲಿಲ್ಲ.

“ಎರಡ ಸಲ ಬಂದು ಈ ಕಟ್ಟಿ ಮ್ಯಾಲ ಕುಂತು ಹೋಗ್ಯಾಳ ಆಕಿ” ಎಂದಳು ಕೊನೆಗೆ. “ನಾ ಒಳಗಿಂದ ನೋಡಿ ಸುಮ್ಮನಿದ್ದೆ. ನೀ ಆವಾಗ ಬಂದು ಹೇಳಿದ್ರ ನಾ ಆಕಿ ಜೋಡಿ ಮಾತಾಡತಿದ್ದೆ, ಯಪ್ಪಾ.”

ಹೊರಡಲು ಎದ್ದಾಗ, ಹೆಸರು ಏನು ಮಾಡಲಿ ಎಂದು ಮತ್ತೆ ಕೇಳಿದೆ.

“ಆಕೀದ ಇರ್ಲಿ. ಆಕಿ ಕೇಳ್ಯಾಳ, ಸಾಕು.”

ಹೊಸ ಭಂಡಾರದಲ್ಲಿ ಎರಡೇ ದಾರಿ ಇಟ್ಟಿದ್ದೇನೆ. ಹುಡುಗರು ಮತ್ತೆ ಸಾಲು ನಿಲ್ಲುತ್ತಾರೆ, ನಾನು ಪಾಸ್‌ವರ್ಡ್ ಬದಲಿಸಿಕೊಡುತ್ತೇನೆ, ಬೈಯುವುದಿಲ್ಲ. ಬಾಯಾರ ಹೆಸರನ್ನು ತೆಗೆದಿಲ್ಲ. ಆ ಹಾಡನ್ನು ಬೇರೆ ಗುಂಪಿನಲ್ಲಿಟ್ಟು, ಆ ಗುಂಪಿಗೆ ಅವರೊಬ್ಬರ ಹೆಸರನ್ನೇ ಬರೆದಿದ್ದೇನೆ. ಮೊದಲ ದಿನವೇ ಮಾಡಬೇಕಿದ್ದ ಆ ಕೆಲಸಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಎಲ್ಲ ಕೀಲಿಕೈಗಳೂ ನನ್ನಲ್ಲೇ ಇರುವುದರಿಂದ ಮನಸ್ಸು ಮಾಡಿದರೆ ನಾನು ಅದನ್ನು ಕೇಳಬಹುದು. ಕೇಳಿಲ್ಲ. ಇಬ್ಬರು ಗೆಳತಿಯರ ನಡುವೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅದನ್ನು ಹೇಳಲು ನಾನು ಒಬ್ಬರು ಸಾಯುವವರೆಗೆ ಕಾದೆ.