ಇಳಿಜಾರಿನಲ್ಲಿ ಆರಿಸಿದ ಎಂಜಿನ್

ನಮ್ಮಮ್ಮನ ಸೊಂಟದ ಮೂಳೆ ಮುರಿದದ್ದು ನನ್ನಿಂದ. ಕಾರು ಓಡಿಸುತ್ತಿದ್ದವರು ಅತ್ತಿಗೆ, ನಿಜ. ಆದರೆ ತಪ್ಪು ನನ್ನದು. ಅದು ನನಗೆ ಆ ದಿನವೇ, ಆ ಜಾಗದಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಹಾಗಂದರೂ ಪೂರ್ತಿ ಸರಿಯಲ್ಲ. ಬಾಯಿ ಬಿಟ್ಟೆ, ಸುಳ್ಳು ಹೇಳುವುದಕ್ಕೆ.

ನಮ್ಮದು ಬಾಗಲೂರಿನ ಹಳೆಯ ಮನೆ. ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು ಸಹನಾ, ನಾನು — ಎಲ್ಲ ಒಂದೇ ಸೂರಿನಡಿ. ಹೆಬ್ಬಾಳದ ಹತ್ತಿರ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ನನ್ನ ಕೆಲಸ. ಗಾಡಿ ತಂದವರ ದೂರು ಕೇಳಿ ಒಳಗಿನ ಮೆಕ್ಯಾನಿಕ್‌ಗಳಿಗೆ ದಾಟಿಸುವವನು ನಾನು; ಸ್ವತಃ ಮೆಕ್ಯಾನಿಕ್ ಅಲ್ಲ. ಆದರೆ ಮೈಲೇಜ್ ವಿಷಯ ಬಂದರೆ ನೆಂಟರಿಷ್ಟರೆಲ್ಲ ನನ್ನನ್ನೇ ಕೇಳುತ್ತಿದ್ದರು. ಹೇಳುವುದರಲ್ಲಿ ನನಗೊಂದು ಸುಖವಿತ್ತು. ಟೈರಿನ ಗಾಳಿ ಕಮ್ಮಿಯಾಗಲು ಬಿಡಬೇಡಿ, ಏರ್ ಫಿಲ್ಟರ್ ಧೂಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ, ಬೇಡದ ಭಾರ ಹೊರಬೇಡಿ, ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇವೆಲ್ಲ ಸರಿಯಾದ ಮಾತುಗಳೇ. ಅಲ್ಲಿಗೆ ನಿಲ್ಲಿಸಿದ್ದರೆ…

ಅತ್ತಿಗೆಗೆ ಕಾರು ಕಲಿಸಿದವನೂ ನಾನೇ. ಅವರು ಹಿತ್ತಲಿನಲ್ಲಿ ಗಿಡ ಬೆಳೆಸಿ ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ಮಾರುತ್ತಿದ್ದರು. ದಾಸವಾಳ, ದೊಡ್ಡಪತ್ರೆ, ಕರಿಬೇವು. ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ ಕುಂಡಗಳನ್ನು ಜೋಡಿಸಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರು ತೆಗೆದುಕೊಂಡು ಹೊರಟರೆಂದರೆ ಅವರ ಮುಖವೇ ಬೇರೆ. ನಮ್ಮ ಮನೆಯ ಹೆಂಗಸರಲ್ಲಿ ಮೊದಲು ಸ್ಟೀರಿಂಗ್ ಹಿಡಿದವರು ಅವರು. "ಈ ಮಣ್ಣಿನ ಭಾರಕ್ಕೇ ಪೆಟ್ರೋಲ್ ಹೋಗ್ತಿದೆ ಅತ್ತಿಗೆ" ಎಂದು ನಾನು ರೇಗಿಸುತ್ತಿದ್ದೆ. "ಹಂಗಾದ್ರೆ ಉಳ್ಸೋದು ಹೆಂಗೆ, ಹೇಳ್ಕೊಡು" ಎಂದರು ಒಂದು ದಿನ.

ಹೇಳಿಕೊಟ್ಟೆ. ಫ್ಲೈಓವರಿನ ಇಳಿಜಾರು ಸಿಕ್ಕಿದಾಗ ನ್ಯೂಟ್ರಲ್ ಮಾಡಿ, ಕೀಲಿಯನ್ನು ಒಂದೇ ಒಂದು ಹಂತ ಹಿಂದಕ್ಕೆ ತಿರುಗಿಸಿ, ಎಂಜಿನ್ ಆರಿಸಿಬಿಡಿ. ಗಾಡಿ ತಾನಾಗಿ ಜಾರಿಕೊಂಡು ಹೋಗುತ್ತದೆ, ಒಂದು ಹನಿ ಪೆಟ್ರೋಲೂ ಖರ್ಚಿಲ್ಲ. ಅವರು ಒಂದು ಸಲ ಹಿಂಜರಿದರು — "ಏನೂ ಆಗಲ್ವಾ ಮಂಜು?" "ನಾನು ದಿನಾ ಮಾಡ್ತೀನಿ, ಏನೂ ಆಗಲ್ಲ ಬಿಡಿ."

ನಾನು ದಿನವೂ ಮಾಡುತ್ತಿದ್ದೆ, ಸುಳ್ಳಲ್ಲ. ಆದರೆ ಎಂಜಿನ್ ಆರಿದರೆ ಬ್ರೇಕಿಗಿರುವ ಒತ್ತಾಸೆ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಹೇಳಿದರೆ ಅವರು ಹೆದರಿ ಮಾಡುತ್ತಿರಲಿಲ್ಲ. ನನ್ನ ಮಾತು ಕೇಳುವವರೊಬ್ಬರು ಕಮ್ಮಿಯಾಗುತ್ತಿದ್ದರು — ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಅಮ್ಮನನ್ನು ಗಂಗಾನಗರದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಿದ್ದ ಬೆಳಿಗ್ಗೆ ಅದಾಯಿತು. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಅತ್ತಿಗೆ ನಾನು ಹೇಳಿಕೊಟ್ಟಂತೆಯೇ ಎಂಜಿನ್ ಆರಿಸಿದರು. ಕೆಳಗೆ ಗಾಡಿಗಳು ನಿಂತಿದ್ದವು. ಒಂದು ಸಲ ಬ್ರೇಕ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಮೂರನೆಯ ಸಲಕ್ಕೆ ಪೆಡಲ್ ಇಳಿಯಲಿಲ್ಲ. ಮುಂದೆ ನಿಂತಿದ್ದ ಟೆಂಪೋದ ಹಿಂಭಾಗಕ್ಕೆ ಕಾರು ಹೋಗಿ ಬಡಿಯಿತು.

ಸುದ್ದಿ ಸಿಕ್ಕಿದಾಗ ನಾನು ಕೆಲಸದ ಜಾಗದಲ್ಲೇ ಇದ್ದೆ. ಹತ್ತಿರವಿದ್ದುದರಿಂದ ಮನೆಯವರಲ್ಲಿ ಮೊದಲು ತಲುಪಿದವನು ನಾನು. ಅಮ್ಮನನ್ನು ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಅತ್ತಿಗೆ ಜೊತೆಗೆ ಹೋಗಿದ್ದರು. ನಜ್ಜುಗುಜ್ಜಾದ ಕಾರಿನೊಳಗೆ ಕಾಗದಪತ್ರ ತೆಗೆಯಲು ಬಗ್ಗಿದೆ. ಕೀಲಿ ಒಂದು ಹಂತ ಹಿಂದಕ್ಕೆ ತಿರುಗಿತ್ತು.

ನನ್ನ ಕೈ ಆ ಕೀಲಿಯನ್ನು ಮುಂದಕ್ಕೆ ತಿರುಗಿಸಿತು. ಮೀಟರಿನ ದೀಪಗಳು ಹೊತ್ತಿಕೊಂಡವು; ಇನ್ನು ನೋಡಿದವರಿಗೆ ಎಂಜಿನ್ ಆರಿಸಿದ್ದು ಗೊತ್ತಾಗದು. "ಕೈ ತಿರುಗಿಸಿತು" ಎಂದು ಬರೆಯುತ್ತಿದ್ದೇನೆ ನೋಡಿ — ಈಗಲೂ. ತಿರುಗಿಸಿದ್ದು ನಾನು.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದರು. ಅಣ್ಣ ಇನ್ನೂ ಬಂದಿರಲಿಲ್ಲ. "ಬ್ರೇಕ್ ಕಲ್ಲಾಗೋಗಿತ್ತು ಕಣೋ ಮಂಜು. ಎಷ್ಟ್ ಒತ್ತಿದ್ರೂ ಇಳೀಲಿಲ್ಲ. ಎಂಜಿನ್ ಆಫ್ ಮಾಡಿದ್ನಲ್ಲ, ಅದಕ್ಕೇನಾದ್ರೂ…"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತಿಗೆ," ಅಂದೆ. "ಗಾಬರೀಲಿ ನೀವು ಬ್ರೇಕ್ ಅನ್ಕೊಂಡು ಆಕ್ಸಿಲರೇಟರ್ ಒತ್ತಿರ್ತೀರ. ಎಷ್ಟೋ ಜನಕ್ಕೆ ಹಿಂಗಾಗತ್ತೆ. ಆಫ್ ಮಾಡಿದ್ದು ಅಣ್ಣಂಗೆ ಹೇಳ್ಬೇಡಿ, ಇನ್ನೂ ಬೈತಾನೆ."

ಅವರು ನನ್ನ ಮುಖ ನೋಡಿದರು. ನಂಬಿದರು. ತಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ನನ್ನ ಕೈ ಹಿಡಿದುಕೊಂಡರು. ಅಣ್ಣ ಬಂದಾಗ ತಾವಾಗಿಯೇ ಹೇಳಿದರು — "ನಂದೇ ತಪ್ಪು ರೀ, ಗಾಬರಿಯಾಗಿ ತಪ್ಪು ಪೆಡಲ್ ಒತ್ಬಿಟ್ಟೆ."

ಅಲ್ಲಿಂದ ಶುರುವಾದದ್ದು ಮುಗಿಯಲೇ ಇಲ್ಲ. ಅಣ್ಣ ಅವರಿಗೆ ಮತ್ತೆ ಕಾರು ಮುಟ್ಟಲು ಬಿಡಲಿಲ್ಲ. ಅವರೂ ಕೇಳಲಿಲ್ಲ. ಕುಂಡಗಳು ಬಿಕರಿಯಾಗದೆ ಹಿತ್ತಲಲ್ಲಿ ಒಣಗಿದವು. ಅಮ್ಮನಿಗೆ ಊರುಗೋಲು ಬಂತು. ಆ ಕೋಲಿನ ಸದ್ದು ಕೇಳಿಸಿದಾಗಲೆಲ್ಲ ಅತ್ತಿಗೆ ಇದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಎಣ್ಣೆ ಹಚ್ಚಿ ಕಾಲು ಒತ್ತುವಾಗ ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ಇಂಗ್ ಮಾಡ್ದೋಳೂ ಇವ್ಳೇ, ಈಗ ಒತ್ತೋಳೂ ಇವ್ಳೇ." ಅತ್ತಿಗೆ ತಲೆ ಎತ್ತುತ್ತಿರಲಿಲ್ಲ. ನಾನು ಅದೇ ಕೋಣೆಯಲ್ಲಿ ಕೂತಿರುತ್ತಿದ್ದೆ. ಎದ್ದು ಹೋದರೆ ಯಾಕೆ ಎಂದು ಕೇಳಿಯಾರು. ಕೂತರೆ — ಕೂತೇ ಇರಬೇಕು.

ಅಮ್ಮನನ್ನು ತಪಾಸಣೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅದೇ ಫ್ಲೈಓವರ್. ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದಾಗ ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ಪಕ್ಕದಲ್ಲಿ ಅಮ್ಮ, ಹಿಂದೆ ಅತ್ತಿಗೆ. ಇಳಿಜಾರು ಬಂದ ಕೂಡಲೇ ಅತ್ತಿಗೆ ಕಣ್ಣು ಮುಚ್ಚಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. "ನೀನ್ ಓಡ್ಸುದ್ರೆ ಭಯಾನೇ ಇಲ್ಲ ಕಣಪ್ಪ" ಎಂದು ಅಮ್ಮ ನನ್ನ ಭುಜ ತಟ್ಟುತ್ತಿದ್ದಳು.

ನಡುವೆ ಒಂದು ದಿನ ನಮ್ಮ ಸರ್ವಿಸ್ ಸೆಂಟರಿಗೆ ತರಬೇತಿ ಕೊಡಲು ಬಂದವರೊಬ್ಬರು ಮಾತಿನ ನಡುವೆ ಹೇಳಿದರು: ಈಗಿನ ಕಾರುಗಳಲ್ಲಿ ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದು ತಾನಾಗಿಯೇ ನಿಲ್ಲುತ್ತದೆ, ಆರಿಸಿ ಉಳಿಸುವಂಥದ್ದು ಅಲ್ಲೇನೂ ಇಲ್ಲ. ಎಲ್ಲರೂ ತಲೆಯಾಡಿಸಿದರು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ. ಏನನ್ನೂ ಉಳಿಸದ ಒಂದು ಉಪಾಯಕ್ಕೆ…

ಹೋದ ವರ್ಷ ಅಮ್ಮ ತೀರಿಕೊಂಡಳು. ಕೊನೆಯವರೆಗೂ ಸೊಸೆಯೇ ತನ್ನ ಸೊಂಟ ಮುರಿದವಳು ಎಂದು ನಂಬಿಯೇ ಹೋದಳು. ಅದನ್ನು ಇನ್ನು ಯಾರೂ ತಿದ್ದಲಾರರು.

ಈ ಬೇಸಿಗೆಯಲ್ಲಿ ಅಣ್ಣ ಸಹನಾಗೆ ಕಾರು ಕಲಿ ಎಂದ. "ಚಿಕ್ಕಪ್ಪ ಕಲಿಸ್ತಾನೆ." ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ, "ನಂಗೆ ಬೇಡ. ನಂಗೂ ಅಮ್ಮನ ಥರಾನೇ ಗಾಬರಿ ಬಂದ್ರೆ?" ಎಂದಳು. ಅತ್ತಿಗೆ ನಕ್ಕಹಾಗೆ ಮಾಡಿ ಒಳಗೆ ಹೋದರು. ನಾನು ಹೇಳಿದ ಸುಳ್ಳು ಆ ಹುಡುಗಿಯ ಮೈಯೊಳಗೂ ಇಳಿದಿತ್ತು.

ಮರುದಿನ ಬೆಳಿಗ್ಗೆ ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎದುರಿಗೆ ನಿಂತು ಎಲ್ಲ ಹೇಳಿದೆ — ಬ್ರೇಕಿನದು, ಕೀಲಿ ತಿರುಗಿಸಿದ್ದು, ಆಸ್ಪತ್ರೆಯ ಬೆಂಚಿನ ಮೇಲೆ ಆಡಿದ್ದು. ಅವರ ಕೈ ನಿಂತಿತು. ಆಮೇಲೆ ಕೇಳಿದರು: "ಅತ್ತೆ ಹಂಗೆ ಅಂತಿದ್ದಾಗೆಲ್ಲ ನೀನು ಅಲ್ಲೇ ಇರ್ತಿದ್ಯಲ್ಲ?"

"ಇರ್ತಿದ್ದೆ."

"ನನಗೊಬ್ಬಳಿಗೇ ಹೇಳಿ ಹಗುರ ಆಗ್ಬೇಡ. ನಿಮ್ಮಣ್ಣನ ಮುಂದೆ ಹೇಳು. ಸಹನಾ ಮುಂದೆ ಹೇಳು."

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಅಣ್ಣನ ತುತ್ತು ಕೈಯಲ್ಲೇ ಉಳಿಯಿತು. ನನ್ನನ್ನು ಬೈಯಲಿಲ್ಲ, ಹೆಂಡತಿಯ ಕಡೆ ತಿರುಗಿ ನೋಡಿದ, ಎದ್ದು ಹೋದ. ಸಹನಾ ತನ್ನ ಅಮ್ಮನ ಪಕ್ಕಕ್ಕೆ ಸರಿದು ಕೂತಳು.

ಅತ್ತಿಗೆ ಈಗಲೂ ನನಗೆ ಊಟ ಬಡಿಸುತ್ತಾರೆ. ಮಾತಾಡುವುದಿಲ್ಲ. ನಾನು ಅವರ ಹತ್ತಿರ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾರೆ, ಅವರ ಸ್ವಭಾವ ಅಂಥದ್ದು. ಆ ಒಳ್ಳೆಯತನವನ್ನು ನಾನು ಇನ್ನೊಂದು ಸಲ ಬಳಸಿಕೊಳ್ಳಬಾರದು.