ಆರಿಸಿ ತಂದ ಟವೆಲ್ಲು

ನಮ್ಮ ಬೀದಿಯ ತಿರುವಿನಲ್ಲಿ ಈಚೆಗೆ ಒಂದು ಬ್ಯೂಟಿ ಪಾರ್ಲರ್ ತೆರೆದಿದ್ದಾರೆ. ತರಕಾರಿ ತರಲು ಹೋಗುವಾಗ ಅದರ ಬಾಗಿಲು ತೆರೆದಿದ್ದರೆ ಒಳಗಿನಿಂದ ಹಬೆಯ ವಾಸನೆ ಬರುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ, ಕೊಬ್ಬರಿ ಎಣ್ಣೆ, ಅದರ ಹಿಂದೆ ಸಣ್ಣಗೆ ಮೆಂತ್ಯದ ಕಹಿ. ಗಾಜಿನಾಚೆ ಯಾರೋ ಹುಡುಗಿ ತಲೆಯ ಮೇಲೆ ದೊಡ್ಡದೊಂದು ಯಂತ್ರ ಕವುಚಿಕೊಂಡು ಕಣ್ಣು ಮುಚ್ಚಿ ಕುಳಿತಿರುತ್ತಾಳೆ. ಕೂದಲು ಮೃದುವಾಗುತ್ತದಂತೆ, ಬುಡ ಗಟ್ಟಿಯಾಗುತ್ತದಂತೆ. ಆಗಲಿ, ಪಾಪ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಅರವತ್ತು ದಾಟಿದ ಹೆಂಗಸು ಎಂಬುದೇ ಮರೆತುಹೋಗುತ್ತದೆ. ಹಿರಿಯೂರಿನ ನಮ್ಮ ಹಳೆಯ ಮನೆಯ ಬಚ್ಚಲ ಬಾಗಿಲಲ್ಲಿ ಲಂಗ ಎತ್ತಿ ಸಿಕ್ಕಿಸಿಕೊಂಡು ನಿಂತ ಒಂಬತ್ತು ವರ್ಷದ ಹುಡುಗಿಯಾಗಿಬಿಡುತ್ತೇನೆ. ಕೈಯಲ್ಲಿ ಹಬೆಯಾಡುವ ಟವೆಲ್ಲು ಇರುತ್ತದೆ. ಅದನ್ನು ಏನು ಮಾಡಬೇಕೆಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ.

ಅಪ್ಪ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ಏನಿಲ್ಲದಿದ್ದರೂ ಕೊಬ್ಬರಿಗೆ ಬರವಿರಲಿಲ್ಲ. ಅಡುಗೆಗೆ ಕೊಬ್ಬರಿ, ತಲೆಗೆ ಕೊಬ್ಬರಿ ಎಣ್ಣೆ, ಒಲೆಗೆ ತೆಂಗಿನ ಚಿಪ್ಪು, ಪಾತ್ರೆ ತಿಕ್ಕಲು ನಾರು. ಬಚ್ಚಲಲ್ಲಿ ಮಸಿ ಹಿಡಿದ ತಾಮ್ರದ ಹಂಡೆಯೊಂದು ಒಲೆಗೆ ಹೂತುಕೊಂಡು ಕುಳಿತಿತ್ತು. ಆ ಹಂಡೆ, ಆ ಬಚ್ಚಲು, ಅಲ್ಲಿಂದ ಅಡುಗೆಮನೆಯವರೆಗಿನ ಕಲ್ಲು ಹಾಸಿದ ಹಿತ್ತಲು, ಇಷ್ಟೂ ನನ್ನ ಅಜ್ಜಿಯ, ಅಂದರೆ ಅಪ್ಪನ ಅಮ್ಮನ, ರಾಜ್ಯ. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಅವಳು ಬದುಕುತ್ತಿದ್ದದ್ದೇ ಕೈಯಿಂದ. ಎದುರಿಗೆ ಯಾರು ಬಂದು ನಿಂತರೂ ಹತ್ತಿರ ಕರೆದು ತಲೆ ಸವರುತ್ತಿದ್ದಳು. ನನ್ನದು ಗುಂಗುರು, ಅಕ್ಕ ಸರೋಜಳದು ನೀಳ. ಸವರಿದೊಡನೆ ಹೆಸರು ಹಿಡಿದು ಕೂಗುತ್ತಿದ್ದಳು. ಮೋಸ ಮಾಡೋಣವೆಂದು ನಾನು ಎಷ್ಟೋ ಸಲ ಅಕ್ಕನ ದನಿಯಲ್ಲಿ ಮಾತಾಡಿ ನೋಡಿದ್ದೆ. "ದನಿ ಯಾರಿಗೆ ಬೇಕೇ ಕಳ್ಳಿ, ತಲೆ ತಾ ಇಲ್ಲಿ" ಅನ್ನುತ್ತಿದ್ದಳು.

ಅಕ್ಕನಿಗೆ ಹದಿನಾಲ್ಕು ತುಂಬಿದ ವರ್ಷ ಟೈಫಾಯ್ಡ್ ಬಂತು. ಮೂರು ವಾರ ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ಕೈ ಚೆಲ್ಲಿ ಹೋದ ಮೇಲೆ ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು, ಅಪ್ಪ ಹಿತ್ತಲಿಗೆ ಹೋಗಿ ನಿಂತ. ಅಜ್ಜಿ ಮಾತ್ರ ಎದ್ದು ದೇವರ ಗೂಡಿನ ಮುಂದೆ ಸೆರಗೊಡ್ಡಿ, ರಾಮಗಿರಿ ಗುಡ್ಡದ ಮೇಲಿನ ನಮ್ಮ ಮನೆದೇವರಿಗೆ ಹರಕೆ ಹೊತ್ತಳು. ಹುಡುಗಿ ಉಳಿದರೆ ಅವಳ ತಲೆ ತುಂಬಾ ಇರುವ ಕೂದಲನ್ನು ಪೂರ್ತಿ ಮುಡಿ ಕೊಡುತ್ತೇನೆ ಅಂತ. ಅಕ್ಕ ಉಳಿದಳು. ಆದರೆ ಮೇಲೆದ್ದು ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು. ಒಂದು ತಿಂಗಳಲ್ಲಿ ಜಡೆ ಇಲಿಬಾಲದಷ್ಟಾಯಿತು. ಅಜ್ಜಿ ಆ ಜಡೆಯನ್ನು ಬೆರಳಲ್ಲಿ ಹಿಡಿದು ನೋಡಿ ನಿಟ್ಟುಸಿರು ಬಿಟ್ಟಳು. "ಈ ಉದುರಿದ ಕೂದ್ಲನ್ನ ದೇವ್ರಿಗೆ ಹೆಂಗೆ ಕೊಡಾದು? ಮೊದ್ಲು ಬೆಳೀಲಿ. ಸೊಂಟ ಮುಟ್ಟಿದ ದಿನ ಹೋಗಾಣ" ಎಂದಳು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಭಾನುವಾರದ ಹಬೆ. ದಾಸವಾಳದ ಎಲೆ, ಕರಿಬೇವು, ಮೆಂತ್ಯ ಹಾಕಿ ಕಾಯಿಸಿದ ಎಣ್ಣೆಯನ್ನು ಉಗುರು ಬೆಚ್ಚಗಿರುವಾಗಲೇ ಅಜ್ಜಿ ಬುಡಬುಡಕ್ಕೆ ಇಳಿಸಿ ತಿಕ್ಕುವಳು. ಅಕ್ಕ ಮಣೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿರುವಳು. ಹಂಡೆಯ ನೀರು ಮರಳಿದಾಗ ದಪ್ಪ ಟವೆಲ್ಲನ್ನು ಅದ್ದಿ, ಹಿಂಡಿ, ಓಡಿ ಬಂದು ಅಜ್ಜಿಯ ಕೈಗೆ ಕೊಡುವುದು ನನ್ನ ಕೆಲಸ. ಅಂಗೈ ಕೆಂಪಾಗುತ್ತಿತ್ತು. ಅಜ್ಜಿ ಅದನ್ನು ಅಕ್ಕನ ತಲೆಗೆ ಪೇಟದ ಹಾಗೆ ಸುತ್ತಿ ಎರಡೂ ಕೈಯಲ್ಲಿ ಅದುಮಿ ಹಿಡಿದರೆ ಸುತ್ತಲೂ ಹಬೆ ಏಳುತ್ತಿತ್ತು. "ಒಣಗಿದ ಬುಡಕ್ಕೆ ಹಬೆ ಹೋದ್ರೆ ಎಣ್ಣೆ ತಾನೇ ಇಳೀತೈತೆ" ಎನ್ನುವಳು. ಆರಿದರೆ ಮತ್ತೊಂದು, ಆಮೇಲೆ ಇನ್ನೊಂದು. ಮೂರನೆಯದಾದ ಮೇಲೆ ಸೀಗೆಕಾಯಿ. ಮೊದಮೊದಲು ಅಕ್ಕ ಆ ಬಿಸಿಗೆ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ನಾಲ್ಕೈದು ತಿಂಗಳಲ್ಲಿ ಹೊಸ ಕೂದಲು ಒತ್ತಾಗಿ, ಮಿರಿಮಿರಿ ಮಿಂಚುತ್ತ ಬಂತು. ಆಗ ಅವಳಿಗೆ ಹೆದರಿಕೆ ಶುರುವಾಯಿತು.

ಹೆದರಿಕೆ ಯಾಕಾಗಬಾರದು? ಮುದ್ದಿನಿಂದ ಬೆಳೆಸುತ್ತಿದ್ದದ್ದೇ ಬೋಳಿಸುವುದಕ್ಕೆ. ಪ್ರತಿ ಭಾನುವಾರದ ಹಬೆಯೂ ಅವಳನ್ನು ಗುಡ್ಡಕ್ಕೆ ಒಂದು ಹೆಜ್ಜೆ ಹತ್ತಿರ ಒಯ್ಯುತ್ತಿತ್ತು. ಅವಳು ಆಗ ಹೈಸ್ಕೂಲಿನಲ್ಲಿದ್ದಳು. ಬೋಳುತಲೆಯ ಹೆಣ್ಣು ಎದುರಾದರೆ ಜನ ಮುಖ ತಿರುಗಿಸುತ್ತಿದ್ದ ಕಾಲ ಅದು. ಒಂದು ಭಾನುವಾರ ನಾನು ಟವೆಲ್ಲು ಹಿಂಡುತ್ತಿದ್ದಾಗ ಬಚ್ಚಲಿಗೆ ಬಂದು ನನ್ನ ರಟ್ಟೆ ಹಿಡಿದಳು. "ಲೇ, ಅದನ್ನ ಆರಿಸ್ಕಂಡು ತಾರೇ. ಬಿಸಿ ತಾಗ್ಲಿಲ್ಲ ಅಂದ್ರೆ ಬೆಳೆಯಲ್ಲ. ನಿನ್ ಕಾಲಿಗೆ ಬೀಳ್ತೀನಿ" ಎಂದಳು. ಅಕ್ಕನ ಕಣ್ಣಲ್ಲಿ ನೀರಿತ್ತು. ಅವತ್ತಿನಿಂದ ನಾನು ಟವೆಲ್ಲನ್ನು ಹಿಂಡಿದವಳೇ ಹಿತ್ತಲಿನ ಕಲ್ಲಿನ ಮೇಲೆ ಹರವಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ, ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ಬಟ್ಟೆಯನ್ನು ತಂದುಕೊಡತೊಡಗಿದೆ. ಅಜ್ಜಿ ಅದನ್ನು ಅಂಗೈಯಲ್ಲಿ ಒತ್ತಿ, ಮಗುಚಿ ಮತ್ತೆ ಒತ್ತಿ ನೋಡುತ್ತಿದ್ದಳು. ಆಮೇಲೆ ಎಂದಿನ ಹಾಗೇ ಅಕ್ಕನ ತಲೆಗೆ ಸುತ್ತುತ್ತಿದ್ದಳು.

ತಿಂಗಳಿಗೊಮ್ಮೆ ಅಳತೆ. ಅಕ್ಕ ನಿಲ್ಲಬೇಕು, ಅಜ್ಜಿ ಜಡೆಯ ತುದಿ ಹಿಡಿದು ಅಲ್ಲಿಂದ ಸೊಂಟದವರೆಗೆ ಬೆರಳು ಅಗಲಿಸಿ ನೋಡಬೇಕು. "ಇನ್ನೂ ಒಂದು ಗೇಣು ಐತೆ" ಎನ್ನುವಳು. ಮುಂದಿನ ತಿಂಗಳೂ ಒಂದು ಗೇಣು, ವರ್ಷ ಕಳೆದರೂ ಒಂದು ಗೇಣು. ನನ್ನ ಕಣ್ಣಿಗೆ ಜಡೆ ಬೆಳೆದ ಹಾಗೇ ಕಾಣುತ್ತಿತ್ತು. ಆದರೆ ನಮಗೆ ಬೇಕಾಗಿದ್ದದ್ದು ಅಜ್ಜಿಯ ಲೆಕ್ಕ. ಆರಿಸಿದ ಟವೆಲ್ಲು ಕೆಲಸ ಮಾಡುತ್ತಿದೆ ಅಂತಲೋ, ಅಜ್ಜಿಗೆ ಕಣ್ಣಿನ ಜೊತೆ ಕೈಯೂ ಮಂಜಾಗುತ್ತಿದೆ ಅಂತಲೋ ಅಂದುಕೊಂಡು ನಾವಿಬ್ಬರೂ ಹಿತ್ತಲಲ್ಲಿ ಬಾಯಿಗೆ ಲಂಗ ತುರುಕಿಕೊಂಡು ನಕ್ಕಿದ್ದೇವೆ. ಅಪ್ಪ ಒಮ್ಮೆ ಮೆಲ್ಲಗೆ, "ಮೂರು ಕತ್ರಿ ಕೂದ್ಲು ಕೊಟ್ರೂ ನಡೀತೈತಂತಲ್ಲವ್ವ" ಎಂದ. ಅಜ್ಜಿ ಸಿಡುಕಿದಳು. "ನಾನು ಪೂರ್ತಿ ಉಸ್ರು ಕೇಳೀನಿ ಕಣಪ್ಪ. ಈಗ ಮೂರು ಎಳೆ ಕೊಟ್ಟು ಕೈ ತೊಳ್ಕಳಾ?" ಆವತ್ತು ಅಜ್ಜಿಯ ಮೇಲೆ ನನಗೆ ಬಂದ ಸಿಟ್ಟು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ವರ್ಷದ ಮಳೆಗಾಲದಲ್ಲಿ ಅಜ್ಜಿ ಕೆಮ್ಮು ಹಿಡಿದು ಮಲಗಿದಳು. ಕೆಮ್ಮು ಎದೆಗಿಳಿಯಿತು, ಗಂಜಿ ಬಿಟ್ಟಳು, ಮಾತು ಆಗೊಂದು ಈಗೊಂದು ಆಯಿತು. ನೋಡಲು ಐಮಂಗಲದಿಂದ ಬಂದ ಸೋದರತ್ತೆ ಪಕ್ಕದಲ್ಲಿ ಕೂತು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ, "ಹೊತ್ತ ಹರಕೆ ಉಳಿಸ್ಕಂಡು ಕುಂತ್ರೆ ದೇವ್ರು ಸುಮ್ಕಿರ್ತಾನಾ? ಹೊತ್ತೋಳನ್ನೇ ಕೇಳ್ತಾನೆ" ಎಂದಳು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ಮಂಡಿಗೆ ಹೊರಡುವ ಮೊದಲೇ ಸೀರೆ ಉಟ್ಟು ಬಂದು, "ನಡೀ ಅಪ್ಪ, ರಾಮಗಿರಿಗೆ ಹೋಗಾಣ" ಎಂದಳು. ಅಪ್ಪ ಅವಳ ಮುಖವನ್ನೇ ನೋಡಿದ. ಕೊನೆಗೆ ಚಪ್ಪಲಿ ಮೆಟ್ಟಿದ. ನಾನೂ ಹಿಂದೆ ಹೊರಟೆ.

ದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆ ದಾಟಿ ಗುಡ್ಡದ ಬುಡ ಸೇರುವಾಗ ಬಿಸಿಲೇರಿತ್ತು. ಮುಡಿ ತೆಗೆಯುವವನು ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ, ಜಡೆ ಬಿಚ್ಚಿಸಿ, ಚೊಂಬಿನಿಂದ ತಲೆಗೆ ನೀರು ಸುರಿದ. "ತಣ್ಣಗೈತೆ ಕಣೇ" ಎಂದು ಅವಳು ನನ್ನ ಕಡೆ ತಿರುಗಿ ಹೇಳಿದಳು, ಅಷ್ಟೇ. ಒದ್ದೆಯಾದ ಕೂದಲು ಬೆನ್ನಿನುದ್ದ ಇಳಿದು ಅವಳು ಕೂತಿದ್ದ ಕಲ್ಲನ್ನೂ ಮುಟ್ಟಿತ್ತು. ಅಜ್ಜಿಯ ಗೇಣು ಎಲ್ಲಿ ಹೋಯಿತು ಎಂದು ಯೋಚಿಸುವಷ್ಟರಲ್ಲಿ ಕತ್ತಿ ಆಡತೊಡಗಿತು. ನಾನು ಅಪ್ಪನ ಪಂಚೆ ಹಿಡಿದುಕೊಂಡು ನಿಂತಿದ್ದೆ. ಮಾಡಲು ನನಗೆ ಬೇರೆ ಕೆಲಸವಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜಿ ಎಚ್ಚರವಾಗಿದ್ದಳು. ಅಕ್ಕ ಸೀದಾ ಹೋಗಿ ಹಾಸಿಗೆಯ ಪಕ್ಕದಲ್ಲಿ ಕೂತು, ಅಜ್ಜಿಯ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಬೆರಳುಗಳು ಆ ನುಣ್ಣನೆಯ ತಲೆಯ ಮೇಲೆ ಅತ್ತ ಇತ್ತ ಹುಡುಕಿದವು.

"ಯಾರ ಹುಡುಗಪ್ಪ ಇದು?" ಎಂದಳು ಅಜ್ಜಿ.

"ನಾನೇ ಅಜ್ಜಿ, ಸರೋಜಿ. ಹರಕೆ ತೀರಿಸ್ಕಂಡು ಬಂದೆ."

"ಸುಳ್ಳು ಹೇಳ್ಬ್ಯಾಡಪ್ಪ. ನಮ್ಮ ಸರೋಜಿ ಕೂದ್ಲು ಸೊಂಟ ದಾಟಿ ವರ್ಷ ಆತು. ಯಾರಿಗೂ ಹೇಳಿಲ್ಲ ನಾನು. ಗೇಣು ಐತೆ, ಗೇಣು ಐತೆ ಅನ್ಕಂತಾ ದೇವ್ರಿಗೂ ಹೇಳಿಲ್ಲ."

ಅಕ್ಕ ಆ ಕೈ ಹಿಡಿದುಕೊಂಡೇ ಬಿಕ್ಕಿದಳು. ನಾನು ಬಚ್ಚಲಿಗೆ ಓಡಿದೆ. ಹಂಡೆ ತಣ್ಣಗಿತ್ತು. ಚಿಪ್ಪು ತುರುಕಿ, ಊದಿ ಊದಿ ಉರಿ ಹೊತ್ತಿಸಿ, ನೀರು ಮರಳಿಸಿ ಟವೆಲ್ಲು ಅದ್ದಿದೆ. ತಲೆ ಗುರುತು ಸಿಗದಿದ್ದರೆ ಹಬೆಯಾದರೂ ಸಿಕ್ಕೀತು ಎಂಬ ಆಸೆ. ಅಕ್ಕ ಅದನ್ನು ಬೋಳುತಲೆಗೆ ಸುತ್ತಿಕೊಂಡು ಮತ್ತೆ ಬಗ್ಗಿದಳು. ಅಜ್ಜಿ ಒದ್ದೆ ಬಟ್ಟೆಯನ್ನು ಮುಟ್ಟಿ, ಕೈ ಹಿಂದೆ ತೆಗೆದು, "ಯಾರದೋ ಕೂಸು, ಶೀತ ಆದೀತು, ತಲೆ ಒರೆಸ್ರಿ" ಎಂದಳು. ನಾಲ್ಕನೆಯ ದಿನ ಹೋಗಿಬಿಟ್ಟಳು. ಕೊನೆಯವರೆಗೂ ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಸರೋಜಿ ಎಲ್ಲಿ, ಸರೋಜಿ ಎಲ್ಲಿ ಎಂದು ಕೇಳುತ್ತಿದ್ದಳು.

ಆ ಮನೆ ಈಗಿಲ್ಲ. ಹಂಡೆಯನ್ನು ಯಾರು ಒಯ್ದರೋ ಗೊತ್ತಿಲ್ಲ. ಅಪ್ಪ, ಅಮ್ಮ ಹೋದರು, ಹೋದ ವರ್ಷ ಅಕ್ಕನೂ ಹೋದಳು. ಅವಳ ಕೂದಲು ಮತ್ತೆ ಬಂದಿತ್ತು, ಆದರೆ ಅವಳು ಅದನ್ನು ಭುಜದಿಂದ ಕೆಳಗೆ ಬೆಳೆಯಗೊಡಲೇ ಇಲ್ಲ. ಪಾರ್ಲರಿನ ಮುಂದೆ ಆ ವಾಸನೆ ಬಂದಾಗ ತರಕಾರಿ ಚೀಲ ಹಿಡಿದು ಅಲ್ಲೇ ಒಂದು ಗಳಿಗೆ ನಿಲ್ಲುತ್ತೇನೆ. ಅಕ್ಕ ಬೇಡಿಕೊಂಡ ಆ ಭಾನುವಾರದಿಂದ ಎರಡು ವರ್ಷ ಎಷ್ಟು ಟವೆಲ್ಲು ಹೊತ್ತು ತಂದೆನೋ, ಎಲ್ಲವನ್ನೂ ಕಲ್ಲಿನ ಮೇಲೆ ಹರವಿ ಆರಿಸಿಯೇ ತಂದಿದ್ದೆ. ಆ ಸಂಜೆಯದನ್ನು ಮಾತ್ರ ಆರಿಸಿರಲಿಲ್ಲ.