ಮುಂದಿನ ಬ್ರೇಕಿಗೆ ಇಬ್ಬರು ಬೇಕು

ದೋಸ್ತರೇ, ನನ್ನ ಹಳೇ ಬೈಕಿನ ಮುಂದಿನ ಡಿಸ್ಕ್ ಬ್ರೇಕಿನ ಎಣ್ಣೆಯೊಳಗೆ ಗಾಳಿ ಸೇರಿ ಹ್ಯಾಂಡಲಿನ ಲಿವರ್ ಮೆತ್ತಗಾಗಿತ್ತು. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಲಿವರ್ ಅದುಮಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕೂತು ನಟ್ಟು ಸಡಿಲಿಸಿ ಬಿಗಿಯಬೇಕು. ಗದಗದಿಂದ ಕೆಜಿಎಫ್‌ನ ಫ್ಯಾಕ್ಟರಿಗೆ ಬಂದ ನನಗೆ ಆಂಡರ್ಸನ್‌ಪೇಟೆಯಲ್ಲಿ ಆ ಇನ್ನೊಬ್ಬರು ಯಾರೂ ಇಲ್ಲ. ಬೇರೆ ದಾರಿ ಕಾಣದೆ, ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಎದುರುಮನೆಯ ಅಮ್ಮನನ್ನು ಕರೆದೆ.

"ಈ ಮನೇಲಿ ಜನ ಅವ್ರಾ? ಯಾವಾಗ ನೋಡಿದ್ರೂ ಬೀಗ ಆಕಿರ್ತದಲ್ಲಪ್ಪಾ!" ಎನ್ನುತ್ತಲೇ ಬಂದು ಲಿವರ್ ಹಿಡಿದರು.

ನಾನು ನಟ್ಟು ಸಡಿಲಿಸಿದ್ದೇ ತಡ, "ಯಾವೂರಪ್ಪಾ ನಿಂದು?" ಎಂದು ಕೈಬಿಟ್ಟರು. ಕೈ ಆಡಿಸದೆ ಅವರಿಗೆ ಮಾತು ಬರುವುದಿಲ್ಲ. ಗಾಳಿ ಮತ್ತೆ ಒಳಗೆ.

"ಅಮ್ಮಾ, ನಾ ಹೇಳೋತನಕ ಬಿಡಬ್ಯಾಡ್ರಿ!"

"ಸರಿ ಕಣಪ್ಪಾ, ಬಿಡಲ್ಲ." ಹಿಡಿದರು. "ಅಡಿಗೆ ಯಾರು ಮಾಡ್ತಾರೆ?" ಬಿಟ್ಟರು.

ನಾನು ರೇಗಿದೆ. ಅವರೂ ರೇಗಿದರು. "ಒಂದ್ ಮಾತಾಡ್ಬಾರ್ದಾ? ಅದ್ಕೇ ನಿನ್ ಮನೆಗೆ ಯಾರೂ ಬರಲ್ಲ!"

ಆಮೇಲೆ ನಾನು ಅವಸರ ಮಾಡಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟೆ. ಗಳಿಗೆಯಲ್ಲಿ ಮುಗಿಯಬೇಕಾದ ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೂ ಲಿವರ್ ಗಟ್ಟಿಯಾದಾಗ, "ಅಷ್ಟೇನಾ?" ಎಂದು ಸೆರಗಿಗೆ ಕೈ ಒರೆಸಿಕೊಂಡು ಅವರು ಸೊಪ್ಪಿಗೆ ಮರಳಿದರು.

ಈಗಷ್ಟೇ ಹೊರಗೆ ಹೋಗಿ ಹಿಂದಿನ ಬ್ರೇಕನ್ನೂ ಆಸೆಯಿಂದ ನೋಡಿ ಬಂದೆ. ಅದು ಡ್ರಮ್ ಬ್ರೇಕು. ಅದನ್ನು ಸರಿಮಾಡಲು ಒಬ್ಬನೇ ಸಾಕು.